ಹಸಿರು ಚುಕ್ಕೆಯ ಮರೆಯಲ್ಲಿ

ಬೋರಿವಲಿಯಿಂದ ಘಾಟ್‌ಕೋಪರದವರೆಗೆ ಮುಂಬಯಿಯ ಅನೇಕ ಉಪಾಹಾರಗೃಹಗಳ ತಿಂಡಿಪಟ್ಟಿಯಲ್ಲಿ ‘ಜೈನ್’ ಎಂಬ ಪ್ರತ್ಯೇಕ ವಿಭಾಗವಿದೆ. ಜೈನ್ ಪಾವ್‌ಭಾಜಿ, ಜೈನ್ ಪಿಜ್ಜಾ, ಜೈನ್ ಸ್ಯಾಂಡ್‌ವಿಚ್. ಬಟಾಟೆಯ ಸ್ಥಾನದಲ್ಲಿ ಬಾಳೆಕಾಯಿ. ಈರುಳ್ಳಿ, ಬೆಳ್ಳುಳ್ಳಿ ವರ್ಜ್ಯ. ಬೆಣ್ಣೆ, ಚೀಸ್, ಮೈದಾ ಮಾತ್ರ ಯಥಾಸ್ಥಿತಿ. ಕಂದಮೂಲ ಬಿಟ್ಟೊಡನೆ ವ್ರತ ಪೂರ್ಣವಾಯಿತೆಂದು ಭಾವಿಸಿದ ಶ್ರಾವಕನು ನಿಶ್ಚಿಂತೆಯಿಂದ ಎರಡನೆಯ ತಟ್ಟೆ ತರಿಸುತ್ತಾನೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಬಾಹ್ಯ ತಪಸ್ಸುಗಳನ್ನು ಹೇಳುತ್ತದೆ. ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ, ನಾಲ್ಕನೆಯದು ರಸಪರಿತ್ಯಾಗ. ಉಪವಾಸ ಮಾಡಿದವರಿಗೆ ಸಮಾಜವು ಮೆರವಣಿಗೆ ಮಾಡುತ್ತದೆ, ಶಾಲು ಹೊದಿಸುತ್ತದೆ. ಹೊಟ್ಟೆಯಲ್ಲಿ ತುಸು ಜಾಗವಿರುವಾಗಲೇ ಎಲೆ ಬಿಟ್ಟೇಳುವ ಅವಮೌದರ್ಯಕ್ಕೆ ಸನ್ಮಾನವಿಲ್ಲ. ಹತ್ತು ದಿನಗಳ ದಶಲಕ್ಷಣ ಪರ್ವದ ಸಂಯಮವು ಉಳಿದ ಮುನ್ನೂರೈವತ್ತೈದು ದಿನಗಳ ಖರ್ಚಿಗೆ ಜಮೆಯಾಗುವುದಿಲ್ಲ.

ಈ ಖರ್ಚು ಮಿದುಳಿನಿಂದಲೂ ವಸೂಲಾಗುತ್ತದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡವು ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿತು. ಕೊಬ್ಬಿನ ಕೋಶಗಳಿಂದ ಹೊರಟು ಮಿದುಳಿನ ಹೈಪೋಥಲಾಮಸ್‌ಗೆ ‘ಸಂಗ್ರಹ ಸಾಕಷ್ಟಿದೆ’ ಎಂಬ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಬೊಜ್ಜು ಬೆಳೆದ ಬಹುಪಾಲು ಜನರಲ್ಲಿ ಲೆಪ್ಟಿನ್ ಕೊರತೆಯಿರುವುದಿಲ್ಲ, ಹೆಚ್ಚಾಗಿಯೇ ಇರುತ್ತದೆ. ಸುದ್ದಿ ಬರುತ್ತದೆ, ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ. ‘ಸಾಕು’ ಎಂಬ ಮಾತೇ ಒಳಗೆ ಕ್ಷೀಣಿಸುತ್ತದೆ.

ಇಲಿಗಳ ಮೇಲಿನ ಪ್ರಯೋಗಗಳನ್ನು ಉದಾಹರಿಸಲು ಅಹಿಂಸಾವಾದಿಗೆ ಸಂಕೋಚವಾದರೆ ಮನುಷ್ಯರ ಮೇಲಿನ ಅಧ್ಯಯನಗಳೇ ಇವೆ. 2023ರಲ್ಲಿ ಜರ್ಮನಿಯ ಕಲೋನ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ತೂಕದ ವ್ಯಕ್ತಿಗಳಿಗೆ ಎಂಟು ವಾರ ಪ್ರತಿದಿನ ಕೊಬ್ಬು, ಸಕ್ಕರೆ ಅಧಿಕವಾದ ತಿನಿಸು ಕೊಡಲಾಯಿತು. ಅಂಥ ರುಚಿಗೆ ಅವರ ಮಿದುಳಿನ ಸುಖಮಂಡಲದ ಪ್ರತಿಕ್ರಿಯೆ ಹೆಚ್ಚಿತು. ಕಡಿಮೆ ಕೊಬ್ಬಿನ ಆಹಾರದ ಮೇಲಿನ ಒಲವು ತಗ್ಗಿತು. ಸೊಂಟ ಹಿಗ್ಗುವ ಮೊದಲೇ ಚಪಲ ಬೇರೂರಿತೆಂದು ಅರ್ಥ. 2019ರಲ್ಲಿ ಕೆವಿನ್ ಹಾಲ್ ಅವರ ಅಧ್ಯಯನದಲ್ಲಿ 20 ಜನರು ಅತಿಸಂಸ್ಕರಿತ ಆಹಾರ ದೊರೆತ ಎರಡು ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಉಂಡರು.

‘ಬಾಯಿಕಟ್ಟಲಾರದವರ ದೌರ್ಬಲ್ಯ’ ಎಂದು ಸ್ಥೂಲಕಾಯದ ಮಗುವನ್ನು ಮದುವೆಮನೆಯಲ್ಲಿ ಹಾಸ್ಯ ಮಾಡುವ ಹಿರಿಯರು ಇದನ್ನು ಅರಿಯಬೇಕು. ಆ ಚಪಲವನ್ನು ಕಲಿಸಿದ್ದು ಅವರೇ ಬಡಿಸಿದ ತಟ್ಟೆ. ಕಲಿಸಿದ ಮೇಲೆ ಹಂಗಿಸುವುದು ವಚನಹಿಂಸೆ.

ಸರ್ಕಾರವೂ ನಿರ್ದೋಷಿಯಲ್ಲ. 2025ರ ಜನವರಿಯ ಆರ್ಥಿಕ ಸಮೀಕ್ಷೆಯು ಅತಿಸಂಸ್ಕರಿತ ಆಹಾರದ ಮೇಲೆ ಹೆಚ್ಚಿನ ತೆರಿಗೆಯನ್ನು ಪರಿಶೀಲಿಸಬಹುದೆಂದಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಚಾಕೊಲೇಟ್, ಬಿಸ್ಕತ್ತು, ಐಸ್‌ಕ್ರೀಮ್‌ಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಪೊಟ್ಟಣದ ನಮ್ಕೀನಿನದು ಶೇ. 12ರಿಂದ 5ಕ್ಕೆ ಇಳಿಯಿತು. ಪೊಟ್ಟಣದ ಮುಂಭಾಗದ ಎಚ್ಚರಿಕೆಯ ಕುರಿತು ಸರ್ವೋಚ್ಚ ನ್ಯಾಯಾಲಯವು ಏಪ್ರಿಲ್‌ನಲ್ಲಿ ಕೊಟ್ಟ ಮೂರು ತಿಂಗಳ ಗಡುವು ವಿಸ್ತರಣೆ ಕಂಡಿತು. ಹಸಿರು ಚುಕ್ಕೆ ಆಹಾರದ ಮೂಲವನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಸಕ್ಕರೆ, ಕೊಬ್ಬನ್ನು ಹೇಳುವುದಿಲ್ಲ.

2025ರ ಆಗಸ್ಟ್‌ನಲ್ಲಿ ದಾದರಿನ ಕಬೂತರಖಾನೆಗೆ ಹೊದಿಸಿದ ತಾಡಪಾಲನ್ನು ಕಿತ್ತೆಸೆದ ಗುಂಪಿನಲ್ಲಿ ಜೈನರಿದ್ದರು. ಪಾರಿವಾಳದ ಕಾಳಿಗಾಗಿ ಬೀದಿಗಿಳಿಯಬಲ್ಲ ಸಮಾಜವು ಮಕ್ಕಳ ತಿಂಡಿಪೊಟ್ಟಣದ ಮೇಲೆ ಒಂದು ಎಚ್ಚರಿಕೆಗಾಗಿ ಒಂದು ಮನವಿಪತ್ರವನ್ನಾದರೂ ಬರೆಯಲಾರದೆ?

ಮನವಿಯ ಜೊತೆಗೆ ಮನೆಗೆಲಸವೂ ಇದೆ. ವಿವಾಹಭೋಜನಕ್ಕೆ ಭಕ್ಷ್ಯಗಳ ಮಿತಿ ನಿಗದಿಯಾಗಲಿ. ಭೋಗೋಪಭೋಗ ಪರಿಮಾಣ ವ್ರತದ ಅರ್ಥ ಅದೇ. ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಹಂಚುವ ಚಾಕೊಲೇಟಿನ ಬದಲು ಹಣ್ಣು ಬರಲಿ. ಬೊಜ್ಜಿನಿಂದ ಬಳಲುವವರಿಗೆ ಉಪದೇಶದ ಬದಲು ವೈದ್ಯರ ನೆರವು ದೊರೆಯಲಿ. ಪಾರಣೆಯ ಪಂಕ್ತಿಯಲ್ಲಿ ‘ಇನ್ನೊಂದು ಹಾಕಿಸಿಕೊಳ್ಳಿ’ ಎಂಬ ಒತ್ತಾಯವು ನಿಲ್ಲಲಿ. ‘ಸಾಕು’ ಎಂದವರ ಎಲೆಗೆ ಮತ್ತೆ ಬಡಿಸದಿರುವುದೇ ಅವಮೌದರ್ಯದ ಮೊದಲ ಪಾಠ.