ಒಳ್ಳೆಯ ಗಿಡ ಊರಲ್ಲೇ ಇರುವಾಗ ಸಸಿ ಸಂತೆಯಿಂದ ಯಾಕೆ?

ಮುಂಗಾರು ಶುರುವಾದರೆ ಸಾಕು, ಸಂತೆಗೆ ಸಸಿ ತುಂಬಿದ ಟೆಂಪೊಗಳು ಬರುತ್ತವೆ. ಪೇರಲ, ನಿಂಬೆ, ದಾಳಿಂಬೆ ಎಲ್ಲವೂ ಇರುತ್ತವೆ. ತಾಯಿ ಗಿಡ ಯಾವ ತೋಟದ್ದು ಎಂದು ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಮೂರು ವರ್ಷ ನೀರು ಹಾಕಿದ ಮೇಲೆ ಕಾಯಿಗೆ ರುಚಿಯೇ ಇಲ್ಲವೆಂದು ಗೊತ್ತಾದರೆ ಆ ಟೆಂಪೊವನ್ನು ಎಲ್ಲಿ ಹುಡುಕುವುದು?

ಅದೇ ಊರಿನ ಯಾರದೋ ಹಿತ್ತಲಲ್ಲಿ ಸಕ್ಕರೆಯಂಥ ಪೇರಲ ಇರುತ್ತದೆ. ಅದರ ಬೀಜ ಊರಿದರೆ ಅದೇ ರುಚಿ ಬರುವ ಖಾತರಿ ಇಲ್ಲ. ಗೂಟಿ ಕಟ್ಟಿದರೆ ತಾಯಿಯ ಗುಣವೇ ಬರುತ್ತದೆ, ಫಸಲೂ ಬೇಗ.

ಕೆಲಸ ಕಷ್ಟದ್ದಲ್ಲ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಆರೋಗ್ಯವಂತ ಕೊಂಬೆ ಆರಿಸಿ. ಒಂದು ಅಂಗುಲ ಅಗಲಕ್ಕೆ ಸುತ್ತಲೂ ತೊಗಟೆ ಬಿಡಿಸಿ, ಲೋಳೆ ಕೆರೆಯಿರಿ. ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿ. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕ ಕೆಳಗಿಳಿಯಲಾಗದೆ ಅಲ್ಲೇ ನಿಲ್ಲುತ್ತದೆ. ನೀರು ಮಾತ್ರ ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತಿರುತ್ತದೆ. ಹಾಗಾಗಿ ಕೊಂಬೆ ಒಣಗದೆ ಬೇರು ಬಿಡುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಬೇರು ಹೊರಗೆ ಕಾಣುತ್ತದೆ. ಆಗ ಕಟ್ಟಿನ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ, ಮಣ್ಣಿನ ಚೀಲಕ್ಕೆ ನೆಟ್ಟು ಕೆಲವು ವಾರ ನೆರಳಲ್ಲಿಡಿ. ಮಲ್ಲಿಗೆಗಾದರೆ ಇಷ್ಟೂ ಬೇಡ. ಬಳ್ಳಿಯನ್ನು ಬಗ್ಗಿಸಿ, ನಡುವಿನ ಭಾಗದ ಮೇಲೆ ಮಣ್ಣು ಹಾಕಿ, ಕಲ್ಲಿಟ್ಟರೆ ಆಯಿತು.

ಆದರೆ ಎಚ್ಚರ ಬೇಕು. ಗೂಟಿಯಲ್ಲಿ ತಾಯಿಯ ಗುಣದ ಜೊತೆ ರೋಗವೂ ಬರುತ್ತದೆ. ದಾಳಿಂಬೆಯನ್ನು ಕಾಡುವ ದುಂಡಾಣು ಅಂಗಮಾರಿ ತೋಟದಿಂದ ತೋಟಕ್ಕೆ ಹೋಗುವ ದಾರಿಗಳಲ್ಲಿ ರೋಗದ ಗೂಟಿ ಸಸಿಯೂ ಒಂದು. ಎಲೆ, ಕಾಯಿಯ ಮೇಲೆ ಎಣ್ಣೆ ಹತ್ತಿದಂಥ ಚುಕ್ಕೆ ಇದ್ದರೆ ಆ ತೋಟದ ಕೊಂಬೆ ಮುಟ್ಟಲೇಬೇಡಿ. ಗೂಟಿ ಗಿಡಕ್ಕೆ ತಾಯಿಬೇರೂ ಇರುವುದಿಲ್ಲ. ಗಾಳಿಗೆ ಬೀಳದಂತೆ ಮೊದಲ ವರ್ಷಗಳಲ್ಲಿ ಊರುಗೋಲು ಕೊಡಿ.

ಇದಕ್ಕಾಗಿಯೇ ನಾವು ಹೇಳುವುದು: ತಾಯಿ ಗಿಡವನ್ನು ಕಣ್ಣಾರೆ ನೋಡಿದವರೇ ಸಸಿ ಮಾಡಲಿ. ನರ್ಸರಿ ಬೇಡವೆಂದಲ್ಲ, ಅಲ್ಲಿಯೂ ತಾಯಿ ಗಿಡ ತೋರಿಸಿ ಎಂದು ಕೇಳೋಣ. ಸ್ತ್ರೀಶಕ್ತಿ ಸಂಘಗಳು ಊರಿನ ಒಳ್ಳೆಯ ಗಿಡಗಳನ್ನು ಗುರುತಿಸಿ ಗೂಟಿ ಕಟ್ಟಿದರೆ ಸಸಿಯ ದುಡ್ಡು ಊರಲ್ಲೇ ಉಳಿಯುತ್ತದೆ. ಗಿಡದ ಯಜಮಾನರನ್ನು ಕೇಳಿಯೇ ಕಟ್ಟಿ, ಬೇರು ಬಂದ ಮೇಲೆ ಅವರಿಗೂ ಒಂದು ಸಸಿ ಕೊಡಿ. ಆ ಹಳೆಯ ಮರ ನಾಳೆ ಗಾಳಿಗೆ ಬಿದ್ದರೂ ಅದರ ರುಚಿ ಊರಲ್ಲಿ ಉಳಿದಿರುತ್ತದೆ.