ನಂದಿನಿಗಾಗಿ ದನಿ ಎತ್ತಿದವರು ಆರ್‌ಸಿಇಪಿ ಬಗ್ಗೆಯೂ ಮಾತಾಡಬೇಕು

2023ರ ಏಪ್ರಿಲ್‌ನಲ್ಲಿ ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುತ್ತೇನೆ ಎಂದಾಗ ಊರಿಗೆ ಊರೇ ಎದ್ದು ನಿಂತಿತು. ಹೋಟೆಲ್ ಮಾಲೀಕರ ಸಂಘ ನಂದಿನಿಯ ಬೆನ್ನಿಗೆ ನಿಂತಿತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹೋಟೆಲುಗಳಲ್ಲಿ ಬೈಟು ಕಾಫಿಯ ಜೊತೆಗೆ ಅದೇ ಮಾತು. ಆದರೆ ನಂದಿನಿಯ ಅಳಿವು ಉಳಿವಿನ ಇನ್ನೂ ದೊಡ್ಡ ಪ್ರಶ್ನೆ ಅದಕ್ಕೂ ಮೊದಲೇ, 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಇತ್ಯರ್ಥವಾಗಿತ್ತು. ಏಳು ವರ್ಷ ಮಾತುಕತೆ ನಡೆಸಿದ ಭಾರತ ಅಂದು 16 ದೇಶಗಳ ಮುಕ್ತ ವ್ಯಾಪಾರ ಕೂಟವಾದ ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆಯ, ಅಂದರೆ ಆರ್‌ಸಿಇಪಿಯ, ಮಾತುಕತೆಯಿಂದ ಹೊರಬಂತು. ಆ ದಿನಗಳಲ್ಲಿ ಬೀದಿಗಿಳಿದವರು ಹಸಿರು ಶಾಲಿನ ರೈತರು. ಅವರ ಹಾಲು ಕುಡಿಯುವ ನಗರ ಅದನ್ನು ತನ್ನ ವಿಷಯವೆಂದು ಎಣಿಸಲೇ ಇಲ್ಲ.

ಈಗ ಎಣಿಸಲೇಬೇಕು. ಆ ಕೂಟಕ್ಕೆ ಸೇರಿ ಎನ್ನುವವರ ಸಂಖ್ಯೆ ಹೆಚ್ಚುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕ್ ಈ ಸಲಹೆ ಕೊಟ್ಟಿತು. ನವೆಂಬರ್‌ನಲ್ಲಿ ನೀತಿ ಆಯೋಗದ ಆಗಿನ ಸಿಇಒ ಬಿ.ವಿ.ಆರ್. ಸುಬ್ರಹ್ಮಣ್ಯಂ ಇದನ್ನೇ ಹೇಳಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರ ಸುಂಕ ಹೇರಿದ ಮೇಲೆ ಈ ವಾದಕ್ಕೆ ಇನ್ನಷ್ಟು ಬಲ ಬಂತು. ಜಗತ್ತಿನ ಆರ್ಥಿಕತೆಯ ಸುಮಾರು ಶೇ 30ರಷ್ಟು ಪಾಲಿರುವ ಕೂಟದಿಂದ ಹೊರಗಿದ್ದು ನಾವು ಕಳೆದುಕೊಳ್ಳುತ್ತಿದ್ದೇವೆ ಎನ್ನುವುದು ಅವರ ಲೆಕ್ಕ.

ನಾನು ಈ ಲೆಕ್ಕವನ್ನು ಒಪ್ಪುವುದಿಲ್ಲ. ಭಾರತ ಆರ್‌ಸಿಇಪಿಗೆ ಸೇರಬಾರದು. ಅಷ್ಟೇ ಮುಖ್ಯವಾಗಿ, ಇಂಥ ಕೂಟ ಸೇರುವ, ಬಿಡುವ ತೀರ್ಮಾನವನ್ನು ಇನ್ನು ಮುಂದೆ ದೆಹಲಿಯೊಂದೇ ಮಾಡಬಾರದು.

ಸೇರಿದರೆ ಹೊಸದಾಗಿ ಸಿಗುವುದೇನು? ಕೂಟದಲ್ಲಿರುವ 15 ದೇಶಗಳಲ್ಲಿ ಆಸಿಯಾನ್‌ನ ಹತ್ತು ದೇಶಗಳ ಜೊತೆ ನಮಗೆ 2010ರಿಂದ ಮುಕ್ತ ವ್ಯಾಪಾರ ಒಪ್ಪಂದವಿದೆ. ಕೊರಿಯಾದ ಜೊತೆ 2010ರಿಂದ, ಜಪಾನಿನ ಜೊತೆ 2011ರಿಂದ, ಆಸ್ಟ್ರೇಲಿಯಾದ ಜೊತೆ 2022ರಿಂದ ಇದೆ. ನ್ಯೂಜಿಲೆಂಡ್ ಜೊತೆಗಿನ ಮಾತುಕತೆ 2025ರ ಡಿಸೆಂಬರ್‌ನಲ್ಲಿ ಮುಗಿಯಿತು. ಇನ್ನು ಉಳಿಯುವುದು ಒಂದೇ ದೇಶ, ಚೀನಾ. ಆರ್‌ಸಿಇಪಿ ಸೇರಿ ಎಂದರೆ ಚೀನಾದ ಸರಕಿಗೆ ಸುಂಕ ಇಳಿಸಿ ಎಂದೇ ಅರ್ಥ. ಹಾಗೆಂದು ನೇರವಾಗಿ ಹೇಳಿ ಜನರ ಒಪ್ಪಿಗೆ ಕೇಳುವ ಧೈರ್ಯ ಈ ವಾದಿಗಳಿಗೆ ಇರಬೇಕು.

ಹಾಲಿನ ವಿಷಯಕ್ಕೆ ಬರೋಣ. ನ್ಯೂಜಿಲೆಂಡ್ ತಾನು ಕರೆದ ಹಾಲಿನ ಬಹುಪಾಲನ್ನು ಹೊರದೇಶಗಳಿಗೆ ಮಾರಿಯೇ ಬದುಕುವ ದೇಶ. ನಂದಿನಿಯನ್ನು ನಡೆಸುವ ಕರ್ನಾಟಕ ಹಾಲು ಮಹಾಮಂಡಳದ, ಅಂದರೆ ಕೆಎಂಎಫ್‌ನ, ಹಾಲು ಉತ್ಪಾದಕ ಸದಸ್ಯರು ಸುಮಾರು 26 ಲಕ್ಷ ಮಂದಿ, ಹೆಚ್ಚಿನವರದು ಒಂದೋ ಎರಡೋ ಹಸು. ಬೆಳಗಿನ ಜಾವ ಕ್ಯಾನು ಹಿಡಿದು ಊರಿನ ಡೇರಿಗೆ ಬರುತ್ತಾರೆ. ಕಾರ್ಯದರ್ಶಿ ಒಂದಿಷ್ಟು ಹಾಲು ತೆಗೆದು ಜಿಡ್ಡಿನಂಶ ನೋಡುತ್ತಾನೆ, ಲೀಟರು, ದರ ಬರೆದುಕೊಳ್ಳುತ್ತಾನೆ. ಆ ದರ ಎಲ್ಲಿ ನಿಗದಿಯಾಗುತ್ತದೆ ಎನ್ನುವುದನ್ನು ನಗರದವರು ತಿಳಿಯಬೇಕು. ಮಳೆ ಬಿದ್ದು ಮೇವು ಚಿಗುರಿದಾಗ ಹಾಲು ಉಕ್ಕುತ್ತದೆ; 2024ರಲ್ಲಿ ಕೆಎಂಎಫ್ ಸಂಗ್ರಹ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತು. ಪ್ಯಾಕೆಟ್ಟಿಗೆ ಹೋಗದೆ ಉಳಿದ ಹಾಲು ಪುಡಿಯಾಗುತ್ತದೆ. ಪುಡಿಯ ಬೆಲೆ ಬಿದ್ದರೆ ಹಾಲು ಒಕ್ಕೂಟಗಳು ಖರೀದಿ ದರ ಇಳಿಸುತ್ತವೆ, ಆ ಪೆಟ್ಟು ಸೀದಾ ಡೇರಿಯ ಪುಸ್ತಕಕ್ಕೆ ಬರುತ್ತದೆ. ಹೊರಗಿನ ಹಾಲಿನ ಪುಡಿಯ ಮೇಲೆ ನಾವು ಹಾಕುವ ಶೇ 60ರ ಸುಂಕವೇ ಈ ರೈತನಿಗಿರುವ ತಡೆಗೋಡೆ. 2019ರಲ್ಲಿ ಅಪಾಯದಲ್ಲಿದ್ದದ್ದು ಅದು. ಕೂಟದ ಹೊರಗಿದ್ದು ಒಬ್ಬೊಬ್ಬರ ಜೊತೆ ಮಾತಾಡಿದ್ದರಿಂದಲೇ ಆಸ್ಟ್ರೇಲಿಯಾದ ಒಪ್ಪಂದದಲ್ಲೂ ನ್ಯೂಜಿಲೆಂಡಿನ ಒಪ್ಪಂದದಲ್ಲೂ ಹಾಲಿನ ಮುಖ್ಯ ಉತ್ಪನ್ನಗಳನ್ನು ಹೊರಗಿಡಲು ಸಾಧ್ಯವಾಯಿತು. ಹಾಲಿಗೆ ಜಾಗ ಸಿಗಲಿಲ್ಲವೆಂದು ನ್ಯೂಜಿಲೆಂಡಿನ ವಿದೇಶಾಂಗ ಸಚಿವ ವಿನ್‌ಸ್ಟನ್ ಪೀಟರ್ಸ್ ಆ ಒಪ್ಪಂದವನ್ನೇ ವಿರೋಧಿಸಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಏನು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅಗ್ಗದ ಹಾಲು ಸಿಕ್ಕರೆ ಗಿರಾಕಿಗೆ ಲಾಭ ತಾನೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಕರ್ನಾಟಕದ ರೇಷ್ಮೆ ಉತ್ತರ ಕೊಟ್ಟಾಗಿದೆ. ಬಸವನಗುಡಿಯ ದಕ್ಷಿಣಕ್ಕೆ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯಿದೆ. 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ, ಹುಳು ಸಾಕುವ, ನೂಲು ತೆಗೆಯುವ ಹೊಸ ವಿಧಾನವನ್ನು ಇಲ್ಲಿ ಕಲಿಸಿದರು. ಹೊರಜಗತ್ತಿನಿಂದ ವಿದ್ಯೆ ತರಿಸಿಕೊಂಡು ನಮ್ಮ ಬೆಳೆ ಬೆಳೆಸುವುದು ಆಗಿನ ದಾರಿ. ನೂರು ವರ್ಷ ಕಳೆದ ಮೇಲೆ ದೆಹಲಿ ಬೇರೆ ದಾರಿ ಹಿಡಿಯಿತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಲೇ ಶೇ 5ಕ್ಕೆ ಇಳಿಸಿತು. ಕಾರಣ ನೇಕಾರರ ಕಷ್ಟ. ಅದು ಸುಳ್ಳು ಕಷ್ಟವಲ್ಲ. ಕಬ್ಬನ್‌ಪೇಟೆಯ ಮಗ್ಗದವರಿಗೂ ಚಿಕ್ಕಪೇಟೆಯ ಸೀರೆ ವ್ಯಾಪಾರಿಗಳಿಗೂ ನೂಲು ದುಬಾರಿಯಾಗಿತ್ತು. ಆದರೆ ಚೀನಾದ ನೂಲು ಬಂದು ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ಬೆಳೆಗಾರರು ಬೀದಿಗೆ ಬಂದರು, ಹಲವರು ಹಿಪ್ಪುನೇರಳೆ ಗಿಡವನ್ನೇ ಕಿತ್ತು ಹಾಕಿದರು. ಒಮ್ಮೆ ಕಿತ್ತ ತೋಟ ಮರುವರ್ಷ ಬೆಲೆ ಏರಿತೆಂದು ಎದ್ದು ಬರುವುದಿಲ್ಲ. ಬೆಳೆಗಾರ ಕೈಬಿಟ್ಟಷ್ಟೂ ನೇಕಾರನೂ ಚೀನಾ ಹೇಳಿದ ಬೆಲೆಗೆ ತಲೆಬಾಗಬೇಕು.

2013ರಲ್ಲಿ ಸರ್ಕಾರ ಆ ಸುಂಕವನ್ನು ಶೇ 15ಕ್ಕೆ ಏರಿಸಿತು. ಮುಂದೆ ಶೇ 10ಕ್ಕೆ ಇಳಿಸಿ, 2021ರಲ್ಲಿ ಮತ್ತೆ ಶೇ 15ಕ್ಕೆ ತಂದಿತು. ತಪ್ಪು ಮಾಡಿ ತಿದ್ದಿಕೊಳ್ಳಲು ಆದದ್ದು ಸುಂಕದ ಹಿಡಿ ನಮ್ಮ ಕೈಯಲ್ಲೇ ಇದ್ದುದರಿಂದ. ಆರ್‌ಸಿಇಪಿಯಂಥ ಒಪ್ಪಂದದಲ್ಲಿ ಇಳಿಸಿದ್ದನ್ನು ಏರಿಸುವ ಹಕ್ಕನ್ನು ಬಹುಮಟ್ಟಿಗೆ ಬರೆದುಕೊಟ್ಟಿರುತ್ತೇವೆ. ಆ ಮೇಲೆ ಗೂಡಿನ ಮಾರುಕಟ್ಟೆ ಬಿದ್ದರೆ ವಿಧಾನಸೌಧದ ಮುಂದೆ ಕೂಗಿದರೂ ದೆಹಲಿಯಲ್ಲಿ ಕೂಗಿದರೂ ಫಲವಿಲ್ಲ.

ಹೊರಬಂದದ್ದನ್ನೇ ದೊಡ್ಡ ಗೆಲುವೆಂದು ಮೆರೆಸುವವರಿಗೂ ಒಂದು ಮಾತು ಹೇಳಬೇಕು. ಚೀನಾದ ಜೊತೆಗಿನ ವ್ಯಾಪಾರ ಕೊರತೆ 2018-19ರಲ್ಲಿ ಸುಮಾರು 5,300 ಕೋಟಿ ಡಾಲರ್ ಇತ್ತು, 2024-25ರಲ್ಲಿ ಹೆಚ್ಚೂಕಡಿಮೆ 9,900 ಕೋಟಿ ಡಾಲರ್ ಆಯಿತು. ಕೂಟದಿಂದ ಹೊರಗಿದ್ದೂ ಕೊರತೆ ದುಪ್ಪಟ್ಟಿನ ಹತ್ತಿರಕ್ಕೆ ಬಂದಿದೆ. ಆಸಿಯಾನ್ ಜೊತೆಗಿನ ಕೊರತೆಯೂ 2022-23ರಲ್ಲಿ 4,300 ಕೋಟಿ ಡಾಲರ್ ದಾಟಿತು. ವಿಯೆಟ್ನಾಮಿನ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ನುಸುಳಿ ಕೊಡಗು, ಮಲೆನಾಡಿನ ಬೆಳೆಗಾರರ ಬೆಲೆ ಕೆಡಿಸಿದಾಗ, 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಬೇಕಾಯಿತು. ಅಡಿಕೆಗೂ ಹಾಗೆಯೇ ಕಟ್ಟಿ, 2023ರಲ್ಲಿ ಅದನ್ನು 351 ರೂಪಾಯಿಗೆ ಏರಿಸಬೇಕಾಯಿತು. ಸಹಿ ಹಾಕದೆ ಬಂದರಷ್ಟೇ ಸಾಲದು. ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಅಗ್ಗದ ಸಾಲ, ರೇಷ್ಮೆ ನೂಲು ತೆಗೆಯುವ ರೀಲರಿಗೆ ಒಳ್ಳೆಯ ಯಂತ್ರ, ಬಂದರಿನಲ್ಲಿ ಸರಕಿನ ಮೂಲ ದೇಶದ ಕಟ್ಟುನಿಟ್ಟಾದ ತಪಾಸಣೆ, ಇವೆಲ್ಲ ಜೊತೆಗೆ ಬರಬೇಕಿತ್ತು. ಆರು ವರ್ಷ ಕಳೆದರೂ ಅರೆಬರೆ ಬಂದಿವೆ. ಅದಕ್ಕೆ ಮದ್ದು ಆ ಕೆಲಸವನ್ನು ಮಾಡುವುದು. ಸುಂಕ ಇಳಿಸಿದರೆ ಈ ಕೊರತೆ ಇನ್ನಷ್ಟು ಹಿಗ್ಗುತ್ತದೆ.

ಕೆಲವರು ಬ್ರಿಟನ್ನನ್ನು ತೋರಿಸಿ ಹೆದರಿಸುತ್ತಾರೆ. ಯುರೋಪಿಯನ್ ಒಕ್ಕೂಟ ಬಿಟ್ಟದ್ದರಿಂದ ಬ್ರಿಟನ್ನಿನ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ 4ರಷ್ಟು ಕುಗ್ಗುತ್ತದೆಂದು ಅಲ್ಲಿನ ಬಜೆಟ್ ಹೊಣೆಗಾರಿಕೆ ಕಚೇರಿಯೇ ಅಂದಾಜು ಮಾಡಿದೆ. ಆದರೆ ಬ್ರಿಟನ್ 47 ವರ್ಷ ಒಳಗಿದ್ದು, ಕಾರ್ಖಾನೆ, ಬಂದರು, ಕಾನೂನು ಎಲ್ಲವನ್ನೂ ಹೆಣೆದುಕೊಂಡ ಮೇಲೆ 2020ರಲ್ಲಿ ಬಿಟ್ಟಿತು. ನಾವು ಒಳಗೆ ಹೋಗಿರಲೇ ಇಲ್ಲ. ಬ್ರಿಟನ್ನಿನ ಪಾಡಿನಿಂದ ನಾವು ಕಲಿಯಬೇಕಾದದ್ದು ಬೇರೆ: ಒಮ್ಮೆ ಒಳಹೊಕ್ಕರೆ ಹೊರಬರುವುದು ಬಲು ದುಬಾರಿ, ಆದ್ದರಿಂದ ಹೊಗುವ ಮೊದಲೇ ಕೇಳಬೇಕಾದವರನ್ನೆಲ್ಲ ಕೇಳಬೇಕು.

ನಮ್ಮಲ್ಲಿ ಕೇಳುವ ಪದ್ಧತಿಯೇ ಇಲ್ಲ. ಕೃಷಿ ರಾಜ್ಯದ ಪಟ್ಟಿಯಲ್ಲಿದೆ, ವಿದೇಶ ವ್ಯಾಪಾರ ಕೇಂದ್ರದ ಪಟ್ಟಿಯಲ್ಲಿದೆ. ಒಪ್ಪಂದಕ್ಕೆ ಸಹಿ ಹಾಕಲು ಕೇಂದ್ರ ಸರ್ಕಾರಕ್ಕೆ ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ, ರಾಜ್ಯಗಳ ಮಾತಂತೂ ದೂರ. ಬೆಲೆ ಬಿದ್ದಾಗ ಪರಿಹಾರ ಕೊಡಬೇಕಾದದ್ದು, ಹಾಲಿಗೆ ಪ್ರೋತ್ಸಾಹಧನ ತುಂಬಬೇಕಾದದ್ದು ಮಾತ್ರ ರಾಜ್ಯದ ಬೊಕ್ಕಸ. ಬೆಲ್ಜಿಯಂನಲ್ಲಿ ವಲೋನಿಯಾ ಎಂಬ ಪ್ರಾಂತ್ಯವಿದೆ, ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಎಷ್ಟೋ ಕಡಿಮೆ. 2016ರಲ್ಲಿ ಅದರ ಶಾಸನಸಭೆ ಒಪ್ಪದೆ ಯುರೋಪ್ ಮತ್ತು ಕೆನಡಾ ನಡುವಿನ ಇಡೀ ಒಪ್ಪಂದ ತಡೆದು ನಿಂತಿತು. ತನ್ನ ರೈತರಿಗೆ ಲಿಖಿತ ಭರವಸೆ ಪಡೆದ ಮೇಲೆಯೇ ಆ ಸಭೆ ಒಪ್ಪಿತು. ಅಷ್ಟು ಸಣ್ಣ ಪ್ರಾಂತ್ಯಕ್ಕಿರುವ ಮಾತು ಆರು ಕೋಟಿ ದಾಟಿದ ಕರ್ನಾಟಕಕ್ಕೆ ಯಾಕಿರಬಾರದು? ಕೃಷಿ, ಹಾಲು, ರೇಷ್ಮೆಯನ್ನು ತಟ್ಟುವ ಯಾವುದೇ ವ್ಯಾಪಾರ ಒಪ್ಪಂದದ ಕರಡನ್ನು ಸಹಿಗೆ ಮೊದಲು ಆಯಾ ರಾಜ್ಯಗಳ ವಿಧಾನಸಭೆಯ ಮುಂದಿಡಬೇಕೆಂಬ ಕಾನೂನು ಬರಬೇಕು. ಇಂಥ ಕಾನೂನು ಬೇಕೆಂದು ನಮ್ಮ ವಿಧಾನಸಭೆಯೇ ಮೊದಲು ನಿರ್ಣಯ ಮಾಡಲಿ.

ಇದು ಹಳ್ಳಿಯವರ ಹೋರಾಟ, ನಮಗೇಕೆ ಎಂದು ನಗರದವರು ಸುಮ್ಮನಿರುವ ಹಾಗಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಅದು ರೈತನಿಗೆ ಹೋಗುತ್ತದೆಂದು ಸರ್ಕಾರ ಹೇಳಿತು, ಗಾಂಧಿ ಬಜಾರಿನ ಬೂತಿನಲ್ಲಿ ಜನ ಗೊಣಗುತ್ತಲೇ ಆದರೂ ಕೊಟ್ಟರು. ಕೊಟ್ಟ ಆ ಹಣ ರೈತನ ಕೈಯಲ್ಲಿ ಉಳಿಯಬೇಕಾದರೆ ಸುಂಕದ ಗೋಡೆಯೂ ಉಳಿಯಬೇಕು. ಬಸವನಗುಡಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿದೆ, ಚಾಮರಾಜಪೇಟೆ ಕೇಂದ್ರದಲ್ಲಿ, ಮಲ್ಲೇಶ್ವರ ಉತ್ತರದಲ್ಲಿ. ಮೂರು ಬಡಾವಣೆ, ಮೂವರು ಸಂಸದರು. ಆರ್‌ಸಿಇಪಿ ಸೇರುವ ಪ್ರಸ್ತಾಪ ಬಂದರೆ ನೀವು ಸಂಸತ್ತಿನಲ್ಲಿ ಎದ್ದು ನಿಂತು ಬೇಡ ಎನ್ನುತ್ತೀರಾ, ಕರ್ನಾಟಕವನ್ನು ಕೇಳದೆ ಸಹಿ ಹಾಕಬೇಡಿ ಎಂದು ನಿಮ್ಮ ಪಕ್ಷಕ್ಕೆ ಹೇಳುತ್ತೀರಾ ಎಂದು ಆ ಮೂವರನ್ನೂ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೊಡದವರನ್ನು ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದಾಗ ಇದೇ ಪ್ರಶ್ನೆಯಿಂದ ಎದುರಿಸಿ.