ಮಿತಿ ಬಡವನ ಸೈಟಿಗೆ ಮಾತ್ರವೇ?

ಜರಗನಹಳ್ಳಿ ಇರುವುದು ಬೆಂಗಳೂರಿನ ತೆಂಕಣ ದಿಕ್ಕಿನಲ್ಲಿ, ಕನಕಪುರ ರಸ್ತೆಯ ಮಗ್ಗುಲಲ್ಲಿ. ಅಲ್ಲಿ ಯಾರು ಎಷ್ಟಗಲ ಮನೆ ಕಟ್ಟಿದರೆ ನಮಗೇನು ಎನ್ನಬೇಡಿ. ಗಿರಣಿ ಕೂಲಿ ಸಾಲದೆ ನಮ್ಮ ಎಷ್ಟೋ ಮನೆಗಳ ಹುಡುಗರು ಅಂಥ ಬಡಾವಣೆಗಳ ಬಾಡಿಗೆ ಕೋಣೆಗಳಲ್ಲಿದ್ದಾರೆ. ಅಲ್ಲಿಯ ಕಟ್ಟಡದ ನಿಯಮಕ್ಕೂ ನಮ್ಮ ನಗರಸಭೆಯ ನಿಯಮಕ್ಕೂ ಬೇರು ಒಂದೇ: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ. ಇಂದು ಅಲ್ಲಿ ಆದದ್ದು ನಾಳೆ ಇಲ್ಲಿ ಆಗುತ್ತದೆ.

2007ರ ಮಾಸ್ಟರ್ ಪ್ಲಾನು ಹೇಳಿದ್ದೇನು? ಸಣ್ಣ ನಿವೇಶನದಲ್ಲಿ ಕಟ್ಟಡ ನೂರಕ್ಕೆ 75 ಪಾಲಿಗಿಂತ ಹೆಚ್ಚು ನೆಲವನ್ನು ಮುಚ್ಚಕೂಡದು. 30-40ರ ಸೈಟಿನ 1,200 ಚದರಡಿಯಲ್ಲಿ ಮುಚ್ಚಬಹುದಾದ್ದು 900. 20-30ರ ಸೈಟಿನವನಿಗೆ ದಕ್ಕುವುದು 450. ಇದರಲ್ಲಿ ಗೋಡೆ, ಮೆಟ್ಟಿಲು, ಬಚ್ಚಲು ಕಳೆದು ಉಳಿದ ಜಾಗದಲ್ಲಿ ಅಣ್ಣತಮ್ಮಂದಿರ ಎರಡು ಸಂಸಾರ ಬಾಳಬೇಕು. ಬೀದಿಯ ಕಡೆಗೆ ಒಂದು ಸಣ್ಣ ಅಂಗಡಿಯನ್ನೂ ಇಡಬೇಕು. ನೂರಕ್ಕೆ 75 ಎಂಬುದು ಕಾಗದದ ಮೇಲೆ ಎಲ್ಲರಿಗೂ ಸಮ. ಒಪ್ಪೊತ್ತು ಉಣ್ಣುವವನಿಗೂ ಮೂರು ಹೊತ್ತು ಉಣ್ಣುವವನಿಗೂ ಕಾಲು ಪಾಲು ಬಿಡಿ ಎಂದರೆ ಅದೆಂಥ ಸಮತೆ?

ಹಾಗೆಂದು ನಿಯಮವೇ ಬೇಡವೆಂದು ನಾವು ಹೇಳುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಆಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳಿಗೆ, ಮನೆಯ ಸುತ್ತ ಬಿಟ್ಟ ಜಾಗಕ್ಕೆ ಬೆಲೆ ಬಂದದ್ದು. ಬಿಟ್ಟ ನೆಲ ಮಳೆಯ ನೀರನ್ನೂ ಕುಡಿಯುತ್ತದೆ. ಜರಗನಹಳ್ಳಿಗೆ ಹೊಂದಿಕೊಂಡ ಸಾರಕ್ಕಿ ಕೆರೆಯ ಅಂಗಳವನ್ನೇ ಜನ ಮುಚ್ಚಿ ಕಟ್ಟಿದ್ದರು. 2015ರ ಏಪ್ರಿಲಿನಲ್ಲಿ ಬುಲ್ಡೋಜರು ಬಂದು ಸಾಲ ಮಾಡಿ ಕೊಂಡವರ ಮನೆಗಳೂ ಉರುಳಿದವು. ಕೆರೆಯನ್ನು ಸೈಟು ಮಾಡಿ ಮಾರಿದವನ ಬಂಗಲೆಯ ಮುಂದೆ ಬುಲ್ಡೋಜರು ನಿಂತ ಸುದ್ದಿ ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಸಣ್ಣವನು ಎರಡಡಿ ಹೆಚ್ಚು ಕಟ್ಟಿದರೆ 'ಅಕ್ರಮ'. ಅವನ ತಲೆಯ ಮೇಲೆ ವರ್ಷವಿಡೀ ಕತ್ತಿ, ಬಂದವರಿಗೆಲ್ಲ ಮಾಮೂಲು. ದಂಡ ಕಟ್ಟಿದರೆ ಸಕ್ರಮ ಮಾಡುತ್ತೇವೆಂದು 2007ರಲ್ಲಿ ಸರ್ಕಾರ ಕಾಯಿದೆ ತಿದ್ದಿತು. ವಾಸದ ಮನೆಗೆ ನೂರಕ್ಕೆ 50ರ ತನಕ ಉಲ್ಲಂಘನೆಗೆ ಮಾಫಿ, ವ್ಯಾಪಾರದ ಕಟ್ಟಡಕ್ಕೆ 25. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಪೂರ್ಣತಾ ಪತ್ರವಿಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಕೂಡದೆಂದಿತು. ಬಡಾವಣೆಗಳಲ್ಲಿ ಕೂಗೆದ್ದ ಮೇಲೆ, 2025ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ 1,200 ಚದರಡಿವರೆಗಿನ ಸೈಟಿನ ಮನೆಗಳಿಗೆ ವಾಸಪತ್ರದ ವಿನಾಯಿತಿಗೆ ಒಪ್ಪಿತು. ಒಳ್ಳೆಯದೇ. ಆದರೆ ಪತ್ರ ಬೇಡವೆಂದ ಮಾತ್ರಕ್ಕೆ ನೆಲದ ಲೆಕ್ಕ ಬದಲಾಗುವುದಿಲ್ಲ.

ದೊಡ್ಡವರ ಕಥೆ ನೋಡಿ. 1976ರ ನಗರ ಭೂಮಿತಿ ಕಾಯಿದೆ ಬೆಂಗಳೂರಿನಲ್ಲಿ ಒಬ್ಬನಿಗೆ 1,000 ಚದರ ಮೀಟರು ಖಾಲಿ ನೆಲವೆಂದು ಗೆರೆ ಎಳೆದಿತ್ತು. 1999ರಲ್ಲಿ ಅದನ್ನು ಕಿತ್ತೆಸೆದರು. ನೆಲ ಕೂಡಿಡುವವನಿಗೆ ಮಿತಿ ಹೋಯಿತು. ಮನೆ ಕಟ್ಟುವವನಿಗೆ ಉಳಿಯಿತು. ಈಗ ಅದನ್ನೂ ಮಾರಾಟಕ್ಕಿಟ್ಟಿದ್ದಾರೆ. ಅದರ ಹೆಸರು ಪ್ರೀಮಿಯಂ ಎಫ್.ಎ.ಆರ್.! ಅಗಲ ರಸ್ತೆಯ ಬದಿಗೆ ನೆಲವಿದ್ದು ಸರ್ಕಾರಕ್ಕೆ ಶುಲ್ಕ ಕಟ್ಟಿದರೆ ಹೆಚ್ಚು ಅಂತಸ್ತು ಏರಿಸಬಹುದು. ಸಾರ್ವಜನಿಕರ ಹಣದಿಂದ 2017ರಲ್ಲಿ ಯಲಚೇನಹಳ್ಳಿವರೆಗೆ ಮೆಟ್ರೋ ಬಂತು, ಕನಕಪುರ ರಸ್ತೆಯ ನೆಲದ ಬೆಲೆ ಏರಿತು; ಆ ಏರಿಕೆಯನ್ನು ಉಣ್ಣುವವನು ಬಿಲ್ಡರು. ಜರಗನಹಳ್ಳಿಯ ಪಕ್ಕದ ಮೆಟ್ರೋ ನಿಲ್ದಾಣಕ್ಕೆ ಜಯಪ್ರಕಾಶ ನಾರಾಯಣರ ಹೆಸರಿದೆ. ಬೋರ್ಡು ಬರೆಸಲು ಸಮಾಜವಾದಿ ಬೇಕು, ನೆಲ ಹಂಚಲು ಬೇಡ!

600 ಚದರಡಿವರೆಗಿನ, ಮಾಲೀಕನೇ ವಾಸಿಸುವ ಸೈಟಿಗೆ ಮಿತಿಯನ್ನು ದಂಡವಿಲ್ಲದೆ ಸಡಿಲಿಸಬೇಕು; ಅವನ ಮನೆಯ ಮುಂಗಟ್ಟಿನ ಅಂಗಡಿಗೂ ಅದು ಸಲ್ಲಬೇಕು. ದೊಡ್ಡ ನಿವೇಶನದಲ್ಲಿ ಬಿಡಬೇಕಾದ ನೆಲವನ್ನು ಯಾವ ಬೆಲೆಗೂ ಮಾರಕೂಡದು. ಪ್ರೀಮಿಯಂ ಹೆಸರಿನಲ್ಲಿ ಈಗಾಗಲೇ ಬಂದ ಹಣ ಎಲ್ಲಿ ಹೋಯಿತೆಂಬ ಲೆಕ್ಕ ಕೊಟ್ಟು, ಅದರಿಂದ ಕೂಲಿಕಾರರಿಗೆ ಬಾಡಿಗೆ ಮನೆ ಕಟ್ಟಿಸಬೇಕು. ನಮ್ಮ ನಗರಸಭೆಯ ಮುಂದೆಯೂ ಈ ಪ್ರೀಮಿಯಂ ಬರುವ ಮೊದಲೇ, ನಿಮ್ಮ ವಾರ್ಡಿನ ಸದಸ್ಯನನ್ನು ಹಿಡಿದು ಕೇಳಿ: ಅವನು ಯಾರ ಕಡೆ ಕೈಯೆತ್ತುತ್ತಾನೆ?